ರಜೆಯಲ್ಲಿ ಚಿಕ್ಕವರ ಕೈಬಿಡಬೇಡಿ

ಹೂಗ್ಯಂ, ಮಿಣ್ಯಂ, ರಾಮಾಪುರದ ಕಡೆಯಿಂದ ಪಿಯುಸಿ, ಡಿಗ್ರಿ ಓದುತ್ತಿರುವ ಮಕ್ಕಳೇ, ಈ ಮಾತು ನಿಮಗೆ. ಏಪ್ರಿಲ್ ಎರಡನೇ ವಾರ ಮುಚ್ಚಿದ ಶಾಲೆಗಳು ಮತ್ತೆ ತೆರೆಯುವುದು ಮೇ ಕೊನೆಗೆ. ಅಷ್ಟು ದಿನವೂ ನಿಮ್ಮ ತಮ್ಮ ತಂಗಿಯರು ಏನು ಮಾಡುತ್ತಾರೆಂದು ಒಮ್ಮೆ ಗಮನಿಸಿ. ಅಪ್ಪ ಅವ್ವ ಕೂಲಿಗೆ ಹೋದ ಮೇಲೆ ಮನೆಯಲ್ಲಿರುವ ಒಂದು ಮೊಬೈಲಿಗೆ ಮೂವರು ಮುತ್ತಿಕೊಂಡಿರುತ್ತಾರೆ. ಚಾರ್ಜು ಮುಗಿದರೆ ಜಗಳ ಶುರು.

ನಾವು ಕಂಡ ಬೇಸಿಗೆಯಲ್ಲಿ ಬೆಳಿಗ್ಗೆ ಚಿನ್ನಿದಾಂಡು, ಮಧ್ಯಾಹ್ನ ಜಗಲಿಯ ಮೇಲೆ ಚೌಕಾಬಾರ, ಅಳಗುಳಿಮನೆ. ಗುಳಿಗೊಂದರಂತೆ ಹುಣಸೆ ಬೀಜ ಹಾಕುತ್ತಾ ಹೋಗುವಾಗಲೇ ಆಟ ಎಲ್ಲಿ ನಿಲ್ಲುತ್ತದೆ, ಎಷ್ಟು ಬೀಜ ಕೈಗೆ ಬರುತ್ತದೆ ಎಂದು ಬೆರಳು ಮಡಿಸದೆ ಹೇಳುತ್ತಿದ್ದ ಅಜ್ಜಿಯರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ರಾತ್ರಿ ಕಂಸಾಳೆಯವರು ಕೂತರೆ ಮಾದಪ್ಪನ ಕಥೆ ಕೇಳುತ್ತಾ ಬೆಳಗಾಗುತ್ತಿತ್ತು. ಪಿ.ಕೆ. ರಾಜಶೇಖರ ಅವರು ಆ ಕಾವ್ಯವನ್ನು ಸಂಗ್ರಹಿಸಿ 1973ರಲ್ಲಿ ಪುಸ್ತಕವಾಗಿ ತಂದರು. ನಮ್ಮ ಸೀಮೆಯ ಹಾಡು ನಾಡಿನ ಓದುಗರ ಕೈ ಸೇರಿತು. ಅದನ್ನು ಈ ಸೀಮೆಯ ಮಕ್ಕಳೇ ಓದದಿದ್ದರೆ ಹೇಗೆ?

ಕೆಟ್ಟ ದಿನಗಳನ್ನೂ ಕಂಡಿದ್ದೇವೆ. 1992ರಲ್ಲಿ ವೀರಪ್ಪನ್ ತಂಡ ರಾಮಾಪುರ ಪೊಲೀಸ್ ಠಾಣೆಯ ಮೇಲೆ ದಾಳಿ ಮಾಡಿತು. ಅದೇ ವರ್ಷ ಮಿಣ್ಯಂ ಬಳಿ ಎಸ್ಪಿ ಹರಿಕೃಷ್ಣ, ಎಸ್‌ಐ ಶಕೀಲ್ ಅಹಮದ್ ಪ್ರಾಣ ಕಳೆದುಕೊಂಡರು. ಹೊತ್ತು ಮುಳುಗಿದ ಮೇಲೆ ಮಕ್ಕಳನ್ನು ಹೊರಗೆ ಬಿಡಲು ಹೆದರುತ್ತಿದ್ದ ಕಾಲವದು. ಈಗ ಆ ಭಯ ಹೋಗಿದೆ, ಆದರೂ ಮಕ್ಕಳು ತಾವಾಗಿಯೇ ಒಳಗೆ ಕೂತಿದ್ದಾರೆ. ನನಗೆ ಸಂಕಟವಾಗುವುದು ಇದಕ್ಕೇ.

ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. 2020ರ ಮಕ್ಕಳ ದಿನಾಚರಣೆಯಂದು ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ 6ರಿಂದ 18 ವರ್ಷದವರಿಗೆ ಅಲ್ಲಿ ಸದಸ್ಯತ್ವ ಉಚಿತ. ಈಚಿನ ವರ್ಷಗಳಲ್ಲಿ ಬೇಸಿಗೆ ಶಿಬಿರಗಳೂ ನಡೆಯುತ್ತಿವೆ. ಶಿಬಿರ ನಡೆದರೆ ತಪ್ಪದೆ ಕಳಿಸಿ. ಆದರೆ ಅದು ಕೆಲವೇ ದಿನದ ಮಾತು, ಉಳಿದ ದಿನಗಳ ಹೊಣೆ ದೊಡ್ಡ ಮಕ್ಕಳಾದ ನಿಮ್ಮದು.

ನಮ್ಮಲ್ಲಿ ಈ ಹೊಣೆ ಇನ್ನೂ ಹೆಚ್ಚು. ಎಷ್ಟೋ ಮನೆಗಳಲ್ಲಿ ಆಡುವ ಮಾತು ತಮಿಳು, ಕೆಲವು ಕಡೆ ಸೋಲಿಗರ ನುಡಿ. ಆ ಮಕ್ಕಳ ಕಣ್ಣಿಗೆ ಕನ್ನಡದ ಅಕ್ಷರ ಬೀಳುವುದು ಶಾಲೆಯಲ್ಲಿ ಮಾತ್ರ. ಮಾರ್ಚಿನಲ್ಲಿ ಸರಾಗವಾಗಿ ಓದುತ್ತಿದ್ದ ಕೂಸು ಜೂನಿನಲ್ಲಿ ಒತ್ತಕ್ಷರ ಬಂದ ಕಡೆ ಬೆರಳಿಟ್ಟು ನಿಂತುಬಿಡುತ್ತದೆ. ಆಗ ಗದರಬೇಡಿ. ಆ ಸಾಲನ್ನು ನೀವು ಗಟ್ಟಿಯಾಗಿ ಓದಿ, ಮುಂದಿನದನ್ನು ಅದಕ್ಕೆ ಬಿಡಿ. ದಿನಕ್ಕೆ ಅರ್ಧ ಗಂಟೆ ಸಾಕು. ಉಳಿದ ಹೊತ್ತು ಆಡಲಿ, ನೀವೂ ಜೊತೆಗೆ ಆಡಿ. ಕೆರೆಗೆ, ಹಳ್ಳಕ್ಕೆ ಮಾತ್ರ ಚಿಕ್ಕವರನ್ನು ಒಂಟಿಯಾಗಿ ಬಿಡಬೇಡಿ.

ದುಡಿಮೆಗೆಂದು ಕೊಡಗಿನ ತೋಟಕ್ಕೋ ತಿರುಪ್ಪೂರಿಗೋ ಮಕ್ಕಳನ್ನು ಕರೆದುಕೊಂಡು ಹೊರಡುವವರಿಗೂ ಒಂದು ಮಾತಿದೆ. ನಿಮ್ಮ ಕಷ್ಟ ನನಗೆ ಗೊತ್ತು, ಹೋಗಬೇಡಿ ಎನ್ನಲಾರೆ. ಬಟ್ಟೆಯ ಚೀಲದಲ್ಲಿ ಎರಡು ಕಥೆ ಪುಸ್ತಕಕ್ಕೆ ಜಾಗ ಮಾಡಿ. ರಾತ್ರಿ ಊಟವಾದ ಮೇಲೆ ಮಗು ಓದಲಿ, ನೀವು ಕೇಳಿ. ನಿಮಗೆ ಓದು ಬಾರದಿದ್ದರೂ ಸರಿ, ಕೇಳುವವರಿದ್ದರೆ ಮಗು ಓದುತ್ತದೆ.

ನಾಳೆ ಬಿಸಿಲೇರುವ ಮುಂಚೆ ತಮ್ಮ ತಂಗಿಯರನ್ನು ಕರೆದುಕೊಂಡು ಅರಿವು ಕೇಂದ್ರಕ್ಕೆ ಹೋಗಿ, ಅವರ ಹೆಸರು ಬರೆಸಿ, ನಿಮ್ಮ ಹೆಸರನ್ನೂ ಬರೆಸಿ.