ಕೀಬೋರ್ಡ್ ಕೊಳ್ಳುವ ಮುನ್ನ ಬೆರಳನ್ನು ಕೇಳಿ



ದ್ರಾಕ್ಷಿಯ ಹಂಗಾಮು ಮುಗಿದು ಒಣದ್ರಾಕ್ಷಿಯ ಹಣ ಕೈಗೆ ಬರುವ ಹೊತ್ತಿಗೆ ತಿಕೋಟಾ, ಬಬಲೇಶ್ವರದ ಕಡೆಯ ಮನೆಗಳಲ್ಲಿ ಬಹಳ ದಿನದಿಂದ ಮುಂದಕ್ಕೆ ಹಾಕಿದ್ದ ಖರೀದಿಗಳ ಮಾತು ಏಳುತ್ತದೆ. ಮಕ್ಕಳಿಗೆ ಬೇಸಿಗೆ ರಜೆ ಬರುವುದೂ ಆಗಲೇ. "ನನಗೊಂದು ಕೀಬೋರ್ಡ್ ಕೊಡಿಸಿ" ಎಂದು ಮಗನೋ ಮಗಳೋ ಕೇಳಿದರೆ ಸಂತೋಷಪಡಬೇಕಾದ ವಿಷಯವೇ. ಆದರೆ ಹತ್ತು ಸಾವಿರದಿಂದ ಹಿಡಿದು ಐವತ್ತು ಅರವತ್ತು ಸಾವಿರ ರೂಪಾಯಿಯವರೆಗೆ ಬೆಲೆ ಇರುವ ವಸ್ತು ಇದು. ನಮ್ಮಂಥ ಮನೆಗಳಲ್ಲಿ ಇಂಥ ಖರ್ಚು ಒಮ್ಮೆ ಮಾತ್ರ ಸಾಧ್ಯ. ಸರಿಯಾದುದನ್ನು ತರದಿದ್ದರೆ ಎರಡು ವರ್ಷದೊಳಗೆ ಅದು ಬಟ್ಟೆ ಹೊದ್ದುಕೊಂಡು ಕಪಾಟಿನ ಮೇಲೆ ಕೂರುತ್ತದೆ. ಹಣ ಹೋದದ್ದು ಒಂದು ನಷ್ಟ. ಅದಕ್ಕಿಂತ ದೊಡ್ಡ ನಷ್ಟ, ವಾದ್ಯದ ದೋಷವನ್ನು ತನ್ನ ದೋಷವೆಂದು ತಿಳಿದು "ನನಗೆ ಸಂಗೀತ ಒಲಿಯುವುದಿಲ್ಲ" ಎಂದು ಮಗು ನಂಬಿಬಿಡುವುದು.

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಸ್ವಲ್ಪ ವಿಚಾರ ಮಾಡೋಣ.

ನಮ್ಮ ಭಾಗದಲ್ಲಿ ಕೀಗಳಿರುವ ವಾದ್ಯವೆಂದರೆ ಮೊದಲು ನೆನಪಾಗುವುದು ಪೇಟಿ. ಭಜನೆಗೂ ಅದೇ, ನಾಟಕಕ್ಕೂ ಅದೇ. ಪೇಟಿಯ ಕೀಯನ್ನು ಮೆಲ್ಲಗೆ ಒತ್ತಿ ನೋಡಿ, ಜೋರಾಗಿ ಗುದ್ದಿ ನೋಡಿ, ಧ್ವನಿ ಒಂದೇ. ಗಾಳಿಗೆ ದಾರಿ ಬಿಡುವುದಷ್ಟೇ ಅಲ್ಲಿ ಬೆರಳಿನ ಕೆಲಸ. ಧ್ವನಿಯನ್ನು ಏರಿಸುವುದು, ಇಳಿಸುವುದು, ನಡುಗಿಸುವುದು ಎಲ್ಲವೂ ತಿದಿ ಒತ್ತುವ ಎಡಗೈಗೆ ಸೇರಿದ್ದು. ಒತ್ತಿ ಹಿಡಿದಷ್ಟು ಹೊತ್ತು ಸ್ವರ ನಿಲ್ಲುತ್ತದೆ, ಬಿಟ್ಟ ಕೂಡಲೇ ಮುಗಿಯುತ್ತದೆ.

ಪಿಯಾನೊ ಇದಕ್ಕೆ ತದ್ವಿರುದ್ಧ. ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಬಾರ್ತೊಲೊಮೆಯೊ ಕ್ರಿಸ್ತೋಫೊರಿ ಎಂಬಾತ 1700ರ ಹೊತ್ತಿಗೆ ಇದನ್ನು ರೂಪಿಸಿದ. (ವಿಜಯಪುರದಿಂದ ತಿಕೋಟಾಕ್ಕೆ ಹೋಗುವಾಗ ತೊರವಿಯ ಬಳಿ ನವರಸಪುರದ ಪಾಳುಗೋಡೆಗಳನ್ನು ನೀವು ನೋಡಿರಬಹುದು. ಅದನ್ನು ಕಟ್ಟಿಸಿದ ಎರಡನೇ ಇಬ್ರಾಹಿಂ ಆದಿಲಶಾಹ ತನ್ನ ತಂಬೂರಿಗೆ ಮೋತಿ ಖಾನ್ ಎಂದು ಹೆಸರಿಟ್ಟು ಪ್ರೀತಿಸಿದ ಸಂಗೀತಪ್ರೇಮಿ. ಆದರೆ ಅವನು ತೀರಿಕೊಂಡದ್ದು 1627ರಲ್ಲಿ. ಪಿಯಾನೊ ಆಗಿನ್ನೂ ಹುಟ್ಟಿರಲಿಲ್ಲ.) ಕೀ ಒತ್ತಿದರೆ ಒಳಗಿನ ಪುಟ್ಟ ಸುತ್ತಿಗೆಯೊಂದು ತಂತಿಯನ್ನು ಹೊಡೆದು ಹಿಂದಕ್ಕೆ ಬೀಳುತ್ತದೆ. ಬೆರಳು ಮೆಲ್ಲಗೆ ಇಳಿದರೆ ಮೆಲುದನಿ, ರಭಸದಿಂದ ಇಳಿದರೆ ದೊಡ್ಡ ದನಿ. ಇಟಾಲಿಯನ್ ಭಾಷೆಯಲ್ಲಿ 'ಪಿಯಾನೊ' ಎಂದರೆ ಮೆಲ್ಲಗೆ, 'ಫೋರ್ತೆ' ಎಂದರೆ ಜೋರಾಗಿ. ಎರಡೂ ಬೆರಳಿನಿಂದಲೇ ಸಾಧ್ಯವೆಂಬ ಕಾರಣಕ್ಕೆ ವಾದ್ಯಕ್ಕೆ ಆ ಹೆಸರು ಬಂತು.

ಪಿಯಾನೊ ಕಲಿಯುವುದೆಂದರೆ ಬಹುಪಾಲು ಈ ಬೆರಳಿನ ತೂಕವನ್ನು ಕಲಿಯುವುದು. ಇದು ಮನಸ್ಸಿನಲ್ಲಿ ನಿಂತರೆ ಅಂಗಡಿಯವನ ಅರ್ಧ ಮಾತುಗಳು ನಿಮ್ಮನ್ನು ಮರುಳು ಮಾಡಲಾರವು. "ಇದರಲ್ಲಿ ಆರುನೂರು ಧ್ವನಿಗಳಿವೆ, ಇನ್ನೂರು ತಾಳಗಳಿವೆ" ಎಂದು ಆತ ಎಣಿಸುತ್ತಾನೆ. ಮಗು ನಿಜವಾಗಿ ಬಳಸುವುದು ಅದರಲ್ಲಿ ಐದಾರು. ನೀವು ಕೇಳಬೇಕಾದ ಪ್ರಶ್ನೆ ಬೇರೆ: ಈ ಕೀ ಬೆರಳಿನ ಮಾತು ಕೇಳುತ್ತದೆಯೇ?

ವಿದ್ಯುತ್ ವಾದ್ಯದಲ್ಲಿ ಇದು ಹೇಗೆ ನಡೆಯುತ್ತದೆಂದು ತಿಳಿದಿರಲಿ. ತಂತಿ ಇಲ್ಲ, ನಿಜವಾದ ಪಿಯಾನೊದ ಧ್ವನಿಯನ್ನು ಮುದ್ರಿಸಿ ಒಳಗೆ ಇಟ್ಟಿರುತ್ತಾರೆ. ಕೀ ಕೆಳಗಿಳಿಯುವಾಗ ಅದರಡಿಯ ಎರಡು ಸಂಪರ್ಕಗಳು ಒಂದರ ಹಿಂದೊಂದು ಕೂಡುತ್ತವೆ. ಅವುಗಳ ನಡುವಿನ ಅತಿ ಸಣ್ಣ ಅವಧಿಯನ್ನು ಅಳೆದು ಯಂತ್ರ ಬೆರಳಿನ ವೇಗವನ್ನು ತಿಳಿಯುತ್ತದೆ, ಆ ವೇಗಕ್ಕೆ ತಕ್ಕ ಧ್ವನಿ ಕೊಡುತ್ತದೆ. ಅಗ್ಗದ ಕೀಬೋರ್ಡುಗಳಲ್ಲಿ ಈ ಅಳತೆಯೇ ಇರುವುದಿಲ್ಲ. ಯಮಹಾದ ಪಿಎಸ್‌ಆರ್-ಇ273 ಮತ್ತು ಇ373 ಎಂಬ ಎರಡು ಮಾದರಿಗಳು ನೋಡಲು ಅಣ್ಣತಮ್ಮಂದಿರಂತಿವೆ. ಮೊದಲನೆಯದು ಬೆರಳಿನ ಒತ್ತಡಕ್ಕೆ ಸ್ಪಂದಿಸುವುದಿಲ್ಲ, ಎರಡನೆಯದು ಸ್ಪಂದಿಸುತ್ತದೆ. ಕೆಲವು ಸಾವಿರ ಉಳಿಸಲು ಹೋಗಿ ಮೊದಲನೆಯದನ್ನು ತಂದರೆ ನೀವು ತಂದದ್ದು ತಿದಿಯಿಲ್ಲದ ಪೇಟಿ. ಮಗು ಎಷ್ಟೇ ಭಾವದಿಂದ ನುಡಿಸಲಿ, ಅದು ಒಂದೇ ದನಿಯಲ್ಲಿ ಉತ್ತರಿಸುತ್ತದೆ. 'ಟಚ್ ರೆಸ್ಪಾನ್ಸ್' ಇದೆಯೇ ಎಂದು ಕೇಳಿ, ಇಲ್ಲವಾದರೆ ಕೈಮುಗಿದು ಎದ್ದು ಬನ್ನಿ.

ಇನ್ನು ಬಗೆಗಳ ಮಾತು. ಸಾಮಾನ್ಯವಾಗಿ ನಾವು ಕೀಬೋರ್ಡ್ ಎನ್ನುವುದು 61 ಕೀಗಳ, ನಾಲ್ಕೈದು ಕಿಲೋ ತೂಕದ, ತನ್ನದೇ ಸ್ಪೀಕರ್ ಇರುವ, ತಾಳವನ್ನೂ ತಾನೇ ಬಾರಿಸುವ ವಾದ್ಯ. ಯಮಹಾದ ಪಿಎಸ್‌ಆರ್-ಐ500ನಂಥ ಕೆಲವು ಮಾದರಿಗಳನ್ನು ತಬಲಾ ತಾಳ, ಹಾರ್ಮೋನಿಯಂ ಧ್ವನಿಗಳೊಡನೆ ಭಾರತದ ಗಿರಾಕಿಗಳಿಗೆಂದೇ ಮಾಡಿದ್ದಾರೆ. ಇವುಗಳ ಕೀಗಳು ಸ್ಪ್ರಿಂಗಿನ ಮೇಲೆ ನಿಂತಿರುವುದರಿಂದ ಹಗುರ. ಡಿಜಿಟಲ್ ಪಿಯಾನೊ ಬೇರೆ. ಅದಕ್ಕೆ ನಿಜವಾದ ಪಿಯಾನೊದಂತೆ 88 ಕೀ. ಪ್ರತಿ ಕೀಯ ಹಿಂದೆ ಸುತ್ತಿಗೆಯಂಥ ತೂಕ. ಎಡಗಡೆಯ ಮಂದ್ರದ ಕೀಗಳು ಭಾರ, ಬಲಗಡೆಗೆ ಹೋದಂತೆ ಹಗುರ. ಯಮಹಾ ಪಿ-145, ಕ್ಯಾಸಿಯೊ ಸಿಡಿಪಿ-ಎಸ್110, ರೋಲ್ಯಾಂಡ್ ಎಫ್‌ಪಿ-10 ಈ ಗುಂಪಿನಲ್ಲಿ ಕಡಿಮೆ ಬೆಲೆಯವು. ಬೆಲೆ ನಲವತ್ತು ಸಾವಿರದ ಆಸುಪಾಸಿನಿಂದ ಮೇಲಕ್ಕೆ, ತೂಕ ಹತ್ತು ಹನ್ನೆರಡು ಕಿಲೋ. '88 ಕೀ' ಎಂಬ ಮಾತಿಗೆ ಮಾತ್ರ ಮೋಸಹೋಗಬೇಡಿ. ಸುತ್ತಿಗೆಯ ತೂಕವಿಲ್ಲದ 88 ಕೀಗಳ ಅಗ್ಗದ ವಾದ್ಯಗಳೂ ಪೇಟೆಯಲ್ಲಿವೆ. 'ಹ್ಯಾಮರ್ ಆ್ಯಕ್ಷನ್' ಎಂಬ ಪದ ಪೆಟ್ಟಿಗೆಯ ಮೇಲೆ ಇದೆಯೇ ಎಂದು ನೋಡಿ. 'ಸೆಮಿ ವೇಟೆಡ್' ಎಂದಿದ್ದರೆ ಅದು ಅದಲ್ಲ.

ಮೂರನೆಯದು ವೇದಿಕೆಯ ಕೀಬೋರ್ಡ್. ಆರ್ಕೆಸ್ಟ್ರಾದವರ ಮುಂದೆ ರೋಲ್ಯಾಂಡ್ ಎಕ್ಸ್‌ಪಿಎಸ್-10 ಇರುವುದನ್ನು ನೋಡಿ ಹುಡುಗರು ಅದೇ ಬೇಕೆಂದು ಹಟ ಹಿಡಿಯುವುದುಂಟು. ಅದರೊಳಗೆ ಸ್ಪೀಕರ್ ಇಲ್ಲ! ಮನೆಗೆ ತಂದು ಗುಂಡಿ ಒತ್ತಿದರೆ ಮೌನ. ಅದಕ್ಕೆ ಆ್ಯಂಪ್ಲಿಫೈಯರ್ ಬೇಕು, ಕೇಬಲ್ ಬೇಕು, ಅದಿಲ್ಲದಿದ್ದರೆ ಹೆಡ್‌ಫೋನ್ ಆದರೂ ಬೇಕು. ಕಾರ್ಯಕ್ರಮಗಳಿಗೆ ಹೋಗಿ ಸಂಪಾದಿಸುವ ಯುವಕನಿಗೆ ಅದು ತಕ್ಕ ಸಾಧನ. ಈಗಷ್ಟೇ ಕಲಿಯುವ ಮಗುವಿಗೆ ಅಲ್ಲ.

ಹಾಗಾದರೆ ನಿಮ್ಮ ಮನೆಗೆ ಯಾವುದು? ಕಲಿಸುವವರು ಯಾರು, ಏನು ಕಲಿಸುತ್ತಾರೆ ಎಂಬುದನ್ನು ಮೊದಲು ತಿಳಿಯಿರಿ. ಲಂಡನ್ನಿನ ಟ್ರಿನಿಟಿ ಕಾಲೇಜಿನ ಗ್ರೇಡ್ ಪರೀಕ್ಷೆಗಳಲ್ಲಿ ಪಿಯಾನೊ ಒಂದು ವಿಷಯ, ಎಲೆಕ್ಟ್ರಾನಿಕ್ ಕೀಬೋರ್ಡ್ ಬೇರೆಯೇ ವಿಷಯ. ಎರಡನೆಯದರಲ್ಲಿ ಎಡಗೈ ಯಂತ್ರದ ತಾಳವನ್ನು ನಡೆಸಬೇಕು, ಅದಕ್ಕೆ ತಾಳವಿರುವ 61 ಕೀಗಳ ವಾದ್ಯವೇ ಬೇಕು. ಪಿಯಾನೊ ಪರೀಕ್ಷೆಗೆ ಓದುವ ಮಗು ಹಗುರ ಕೀಗಳ ಮೇಲೆ ವರ್ಷಗಟ್ಟಲೆ ಅಭ್ಯಾಸ ಮಾಡಿ ಪರೀಕ್ಷೆಯ ದಿನ ನಿಜವಾದ ಪಿಯಾನೊ ಮುಂದೆ ಕೂತರೆ ಕೀ ಕೆಳಗಿಳಿಯುವುದೇ ಕಷ್ಟ. ಹಿಂದೂಸ್ತಾನಿ ಗಾಯನಕ್ಕೆ ಜೊತೆ ಬೇಕೆಂದಾದರೆ ಮನೆಯಲ್ಲಿರುವ ಹಳೆಯ ಪೇಟಿಯನ್ನೇ ದುರಸ್ತಿ ಮಾಡಿಸಿ. ನನ್ನ ಮಟ್ಟಿಗೆ ಆ ಕೆಲಸಕ್ಕೆ ಇಪ್ಪತ್ತು ಸಾವಿರದ ಯಾವ ಕೀಬೋರ್ಡೂ ಅದರ ಸಮಕ್ಕೆ ಬಾರದು.

ಏಳೆಂಟು ವರ್ಷದ ಮಗುವಿನ ಆಸಕ್ತಿ ಇನ್ನೂ ಖಚಿತವಿಲ್ಲದಿದ್ದರೆ ಮೊದಲ ವರ್ಷಕ್ಕೆ ಟಚ್ ಇರುವ 61 ಕೀಗಳದ್ದು ಸಾಕು. ಯಾರಿಂದಲಾದರೂ ಎರವಲು ಸಿಕ್ಕರೆ ಇನ್ನೂ ಒಳ್ಳೆಯದು. ಎರಡೂ ಕೈ ಕೂಡಿ ನುಡಿಸಲು ಬಂದು, ಹೇಳದೆಯೇ ತಾನಾಗಿ ಹೋಗಿ ಕೂರುವ ಅಭ್ಯಾಸವಾದ ಮೇಲೆ ಸುತ್ತಿಗೆಯ ಕೀಗಳಿಗೆ ಹಣ ಹಾಕಿ. ಇನ್ನೊಂದು ಮಾತು: ಪೇಟಿಯಂತೆ ನೆಲದ ಮೇಲೆ, ತೊಡೆಯ ಮೇಲೆ ಇಟ್ಟು ನುಡಿಸಲು ಬಿಡಬೇಡಿ. ಮಣಿಕಟ್ಟು ಬಾಗಿ ನೋವು ಶುರುವಾಗುತ್ತದೆ. ಕೀಗಳು ನೆಲದಿಂದ ಎರಡೂವರೆ ಅಡಿಯೊಳಗಿದ್ದು, ಕೂತ ಮಗುವಿನ ಮೊಣಕೈ ಕೀಗಳ ಮಟ್ಟಕ್ಕೆ ಬರಬೇಕು. ಗಟ್ಟಿಯಾದ ಹಳೆಯ ಮೇಜು, ದಿಂಬು ಹಾಕಿದ ಕುರ್ಚಿ ಇದ್ದರೆ ಸ್ಟ್ಯಾಂಡಿನ ಹಣ ಉಳಿಯಿತು. ಆ ಹಣದಲ್ಲಿ ಕಾಲಿನ ಪೆಡಲ್ ತನ್ನಿ. ಪೆಟ್ಟಿಗೆಯೊಡನೆ ಬರುವ ಬೆಂಕಿಪೊಟ್ಟಣದಂಥ ಪೆಡಲ್ ನೆಲದ ಮೇಲೆ ಜಾರುತ್ತಲೇ ಇರುತ್ತದೆ.

ಗಾನವೃಂದಕ್ಕೆ ಕೊಳ್ಳುವವರ ಲೆಕ್ಕ ಪೂರ್ತಿ ಬೇರೆ. ಜಗದ್ಗುರು ಹತ್ತನೇ ಪಯಸ್ 1903ರಲ್ಲಿ ದೇವಾಲಯದೊಳಗೆ ಪಿಯಾನೊವನ್ನು ನಿಷೇಧಿಸಿದ್ದರೆಂದರೆ ಇಂದಿನ ಯುವಕರಿಗೆ ಆಶ್ಚರ್ಯವಾದೀತು. ಎರಡನೇ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಪೈಪ್ ಆರ್ಗನ್ನಿಗೆ ಹಿರಿಯ ಸ್ಥಾನ ಕೊಟ್ಟು, ಆರಾಧನೆಗೆ ಒಪ್ಪುವ ಇತರ ವಾದ್ಯಗಳಿಗೂ ಬಾಗಿಲು ತೆರೆಯಿತು. ನಿಯಮದ ಮಾತು ಬಿಡಿ, ಕಿವಿಯ ಮಾತು ಕೇಳಿ. ಪಿಯಾನೊದ ಸ್ವರ ಹುಟ್ಟಿದ ಕ್ಷಣದಿಂದಲೇ ಕರಗತೊಡಗುತ್ತದೆ. ಆರ್ಗನ್ನಿನ ಸ್ವರ, ಪೇಟಿಯ ಸ್ವರದಂತೆ, ಬೆರಳು ಇರುವಷ್ಟು ಹೊತ್ತು ನಿಲ್ಲುತ್ತದೆ. ನಿಧಾನವಾಗಿ ಎಳೆದು ಹಾಡುವ ಸಭೆಗೆ ಹಿಡಿದುಕೊಳ್ಳಲು ಕೈಗಂಬಿ ಬೇಕಲ್ಲವೇ? ಆರ್ಗನ್ ಧ್ವನಿ ಅಂಥ ಕೈಗಂಬಿ. ಅದಕ್ಕೆ ಸುತ್ತಿಗೆಯ ಕೀಗಳ ಅಗತ್ಯವೇ ಇಲ್ಲ. ಆದ್ದರಿಂದ ಧರ್ಮಕೇಂದ್ರದ ಹಣದಲ್ಲಿ ದುಬಾರಿ ಡಿಜಿಟಲ್ ಪಿಯಾನೊ ಕೊಳ್ಳಬೇಕೆಂದು ಯಾರಾದರೂ ಒತ್ತಾಯಿಸಿದರೆ, ಯಾಕೆಂದು ಕೇಳಿ. ವಿಜಯಪುರದಿಂದ ತಿಕೋಟಾಕ್ಕೋ ಬಬಲೇಶ್ವರಕ್ಕೋ ಬಸ್ಸಿನಲ್ಲಿ ಹೊತ್ತೊಯ್ದು ಪ್ರಾರ್ಥನಾಕೂಟದಲ್ಲಿ ನುಡಿಸುವವನಿಗೆ ಹನ್ನೆರಡು ಕಿಲೋದ ಹಲಗೆಗಿಂತ ಐದು ಕಿಲೋದ ಕೀಬೋರ್ಡೇ ಉಪಕಾರಿ.

ಗೋಲಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಚಪ್ಪಾಳೆ ತಟ್ಟಿದವರಿಗೆ ಈ ಮುಂದಿನದು ಬಿಡಿಸಿ ಹೇಳಬೇಕಾಗಿಲ್ಲ. ಎತ್ತರದ ಛಾವಣಿ, ಬರಿಯ ಗೋಡೆಗಳಿರುವ ದೇವಾಲಯ ತಾನೇ ದನಿಯನ್ನು ಮರುಕಳಿಸುತ್ತದೆ. ಕೀಬೋರ್ಡಿನಲ್ಲಿ 'ರಿವರ್ಬ್' ಎಂಬ ಕೃತಕ ಮರುದನಿಯನ್ನೂ ಹಚ್ಚಿಟ್ಟರೆ ಕೀರ್ತನೆಯ ಮಾತು ಒಂದೂ ತಿಳಿಯದು. ಅದನ್ನು ಆರಿಸಿ. ಯಂತ್ರದ ತಾಳವನ್ನೂ ಆರಿಸಿದರೆ ನಾನಂತೂ ಸಂತೋಷಪಡುತ್ತೇನೆ. ಸಭೆ ಉಸಿರು ತೆಗೆದುಕೊಳ್ಳಲು ನಿಂತಾಗ ಆ ತಾಳ ನಿಲ್ಲುವುದಿಲ್ಲ. ಹಾಡುವವರ ಶ್ರುತಿ ಬದಲಾದಾಗ ಗಾಬರಿ ಬೇಡ. 'ಟ್ರಾನ್ಸ್‌ಪೋಸ್' ಗುಂಡಿ ಒತ್ತಿದರೆ ಬೆರಳು ಇದ್ದಲ್ಲೇ ಇದ್ದು ಶ್ರುತಿ ಏರುತ್ತದೆ, ಇಳಿಯುತ್ತದೆ. ಆದರೆ ಹಾಡು ಮುಗಿದ ಮೇಲೆ ಸೊನ್ನೆಗೆ ತರಲು ಮರೆಯಬೇಡಿ.

ನಮ್ಮ ಜಿಲ್ಲೆಯ ಬಿಸಿಲು, ಧೂಳು, ಕರೆಂಟು ಈ ಮೂರೂ ವಾದ್ಯವನ್ನು ಪರೀಕ್ಷಿಸುತ್ತವೆ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಊರಿನಲ್ಲಿ ಕಿಟಕಿಯ ಪಕ್ಕ, ತಗಡಿನ ಛಾವಣಿಯ ಕೆಳಗೆ ಅಥವಾ ನಿಲ್ಲಿಸಿದ ಕಾರಿನಲ್ಲಿ ಇಡಬಾರದು. ಎರೆಮಣ್ಣಿನ ಸಣ್ಣ ಧೂಳು ಕೀಗಳ ಸಂದಿಯಲ್ಲಿ ಇಳಿದು, ನಾನು ಮೇಲೆ ಹೇಳಿದ ಆ ಎರಡು ಸಂಪರ್ಕಗಳ ಮೇಲೆ ಕೂತರೆ ಮೆಲ್ಲಗೆ ಒತ್ತಿದರೂ ಒಂದು ಕೀ ಚೀರುತ್ತದೆ ಅಥವಾ ಮೌನವಾಗುತ್ತದೆ. ದಪ್ಪ ಹತ್ತಿಬಟ್ಟೆಯ ಮುಸುಕು ಇಪ್ಪತ್ತು ರೂಪಾಯಿಯ ವಿಮೆ. ಕರೆಂಟು ಹೋದರೆ? 61 ಕೀಗಳ ಹೆಚ್ಚಿನ ಕೀಬೋರ್ಡುಗಳು ಸಾಮಾನ್ಯ ಸೆಲ್ಲಿನಿಂದಲೂ ನಡೆಯುತ್ತವೆ. ಡಿಜಿಟಲ್ ಪಿಯಾನೊಗಳಲ್ಲಿ ಕ್ಯಾಸಿಯೊದ ಸಿಡಿಪಿ-ಎಸ್110 ಆರು ಸಣ್ಣ ಸೆಲ್ಲಿನಿಂದ ನಡೆಯುತ್ತದೆ, ಯಮಹಾ ಪಿ-145ಕ್ಕೆ ಆ ಸೌಲಭ್ಯವಿಲ್ಲ. ಮನೆಯಲ್ಲಿ ಇನ್‌ವರ್ಟರ್ ಇದ್ದರೆ ಚಿಂತೆಯಿಲ್ಲ, ಇವು ಎಳೆಯುವ ವಿದ್ಯುತ್ ಒಂದು ಎಲ್‌ಇಡಿ ಬಲ್ಬಿನಷ್ಟು. ಅಡಾಪ್ಟರ್ ಕೆಟ್ಟರೆ ಮಾತ್ರ ಪಿನ್ನು ಹೊಂದುತ್ತದೆಂದು ಯಾವುದನ್ನೋ ಚುಚ್ಚಬೇಡಿ. ಒಂದು ಮಾದರಿಗೆ ಒಂಬತ್ತೂವರೆ ವೋಲ್ಟ್ ಬೇಕಾದರೆ ಇನ್ನೊಂದಕ್ಕೆ ಹನ್ನೆರಡು. ತಪ್ಪಿದರೆ ಒಳಗಿನ ಹಲಗೆಯೇ ಸುಟ್ಟೀತು.

ಸೊಲ್ಲಾಪುರಕ್ಕೋ ಹುಬ್ಬಳ್ಳಿಗೋ ಹೋಗಿ ಕೊಳ್ಳುವವರು ಮಗುವನ್ನು ಕರೆದುಕೊಂಡೇ ಹೋಗಿ. ಅಂಗಡಿಯವನು ನುಡಿಸಿ ತೋರಿಸಿದರೆ ಎಲ್ಲ ವಾದ್ಯವೂ ಚೆನ್ನಾಗಿಯೇ ಕೇಳುತ್ತದೆ. ಧ್ವನಿಯನ್ನು ಪಿಯಾನೊಗೆ ತಂದು, ಒಂದೇ ಕೀಯನ್ನು ಹತ್ತು ಸಲ ಬೇರೆ ಬೇರೆ ತೂಕದಿಂದ ಒತ್ತಲು ಮಗುವಿಗೆ ಹೇಳಿ. ಹತ್ತು ಬಗೆಯ ದನಿ ಬಂದರೆ ಸರಿ, ಮೂರೇ ಬಗೆ ಬಂದರೆ ಯೋಚಿಸಿ. ಪೆಡಲ್ ಒತ್ತಿ ಹಿಡಿದು ಎಡಗೈಯಲ್ಲಿ ಮಂದ್ರದ ಸ್ವರಗಳನ್ನು ಕೂಡಿಸಿ, ಬಲಗೈಯಲ್ಲಿ ಮೇಲೆ ಓಡಿಸಲಿ. ಕೆಳಗಿನ ಸ್ವರಗಳು ನಡುವೆಯೇ ಕತ್ತರಿಸಿದಂತೆ ನಿಂತರೆ ಆ ಯಂತ್ರ ಏಕಕಾಲಕ್ಕೆ ಹಿಡಿದಿಡಬಲ್ಲ ಸ್ವರಗಳು ಕಡಿಮೆಯೆಂದು ಅರ್ಥ. ಇದನ್ನೇ 'ಪಾಲಿಫೊನಿ' ಎಂದು ಬರೆದಿರುತ್ತಾರೆ. ಕಲಿಯುವವರಿಗೆ 64 ಸಾಕು, ಮುಂದಿನ ಹಂತಕ್ಕೆ 128 ಇದ್ದರೆ ಲೇಸು.

ಹಳೆಯದನ್ನು ಕೊಳ್ಳುವವರು ಎಡದ ಕೊನೆಯಿಂದ ಬಲದ ಕೊನೆಯವರೆಗೆ ಕಪ್ಪು ಬಿಳುಪು ಒಂದನ್ನೂ ಬಿಡದೆ ಮೆಲ್ಲಗೆ ಒತ್ತಿ ನೋಡಿ. ಜೋರಾಗಿ ಒತ್ತಿದರೆ ದೋಷ ಅಡಗಿಕೊಳ್ಳುತ್ತದೆ. ಹೆಡ್‌ಫೋನ್ ತೂತಿಗೆ ನಿಮ್ಮದೇ ಹೆಡ್‌ಫೋನ್ ಹಾಕಿ ಎರಡೂ ಕಿವಿಗೆ ಕೇಳುತ್ತದೆಯೇ ನೋಡಿ. ಹೊಸದಾದರೆ ರಸೀದಿಯನ್ನೂ ಥರ್ಮಾಕೋಲ್ ಸಮೇತ ರಟ್ಟಿನ ಪೆಟ್ಟಿಗೆಯನ್ನೂ ವಾರಂಟಿ ಮುಗಿಯುವವರೆಗೆ ಅಟ್ಟದ ಮೇಲಿಡಿ. ದುರಸ್ತಿಗೆ ಬೆಂಗಳೂರಿಗೆ ಕಳುಹಿಸಬೇಕಾಗಿ ಬಂದಾಗ ಹನ್ನೊಂದು ಕಿಲೋದ ವಾದ್ಯವನ್ನು ಚೀಲದಲ್ಲಿ ಸುತ್ತಿ ಪಾರ್ಸೆಲ್ ಮಾಡಲಾಗದು.