‘ನಾಳೆಯಿಂದ ಬರಬೇಡ’ ಅಂದರೆ ಕೆಲಸ ಹೋಯಿತೇ?

ಉಳವಿಯ ಸಹೋದರಿ,

ಆರು ವರ್ಷ ಅಕ್ಕಿ ಗಿರಣಿಯಲ್ಲಿ ದುಡಿದ ನಿಮ್ಮನ್ನು, ಜ್ವರದಿಂದ ಮೂರು ವಾರ ಮಲಗಿದ್ದಕ್ಕೆ ‘ನಾಳೆಯಿಂದ ಬರಬೇಡ’ ಅಂದರಲ್ಲ, ಓದಿ ಸಂಕಟವಾಯಿತು. ಹೇಳದೆ ರಜೆ ಹಾಕಿದ್ದರೂ ನಿಮ್ಮ ಮಾತು ಕೇಳದೆ ತೆಗೆಯುವಂತಿಲ್ಲ, ಡಿ.ಕೆ. ಯಾದವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1993ರಲ್ಲೇ ಹೀಗೆ ಹೇಳಿದೆ. ಕೆಲಸ ಕಡಿಮೆಯಾಯಿತೆಂದು ತೆಗೆದರೂ ಒಂದು ತಿಂಗಳ ನೋಟಿಸ್ ಇಲ್ಲವೇ ಆ ತಿಂಗಳ ಸಂಬಳ, ಜೊತೆಗೆ ವರ್ಷಕ್ಕೆ 15 ದಿನದ ವೇತನ ಕೊಡಲೇಬೇಕು.

‘ನಾನಾಗಿಯೇ ಬಿಟ್ಟೆ’ ಎಂಬ ಕಾಗದಕ್ಕಾಗಲಿ, ಖಾಲಿ ಹಾಳೆಗಾಗಲಿ ದಯವಿಟ್ಟು ಸಹಿ ಹಾಕಬೇಡಿ. ಆಸ್ಪತ್ರೆಯ ಚೀಟಿ, ಸಂಬಳ ಜಮೆಯಾದ ಪಾಸ್‌ಬುಕ್ ಪುಟ ಜೋಪಾನ. ‘ಕೆಲಸಕ್ಕೆ ಸಿದ್ಧಳಿದ್ದೇನೆ’ ಎಂದು ಮಾಲೀಕರಿಗೆ ಬರೆದು ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಆಮೇಲೆ ಕಾರ್ಮಿಕ ಇಲಾಖೆಗೆ ದೂರು ಕೊಡಿ. 45 ದಿನದಲ್ಲಿ ರಾಜಿಯಾಗದಿದ್ದರೆ ನೀವೇ ನೇರವಾಗಿ ನ್ಯಾಯಮಂಡಳಿಗೆ ಹೋಗಬಹುದು, ತಡಮಾಡಬೇಡಿ. ವಕೀಲರ ಶುಲ್ಕದ ಚಿಂತೆ ಬೇಡ, ಸೊರಬದ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಮಹಿಳೆಯರಿಗೆ ಉಚಿತ ನೆರವಿದೆ.