ಇಂದಿನ ಧಮ್ಮ ಚಿಂತನೆ: ಎರಡು ಬಾಣಗಳು





ನಮ್ಮ ಬಳಗದ ತಂಗಿಯೊಬ್ಬಳು ಜರ್ಮನಿಯಲ್ಲಿದ್ದಾಳೆ. ಅವಳ ಒಪ್ಪಿಗೆ ಪಡೆದು, ಹೆಸರು ಬಿಟ್ಟು ಬರೆಯುತ್ತಿದ್ದೇನೆ. ಗಂಡನ ಕೆಲಸದ ನಿಮಿತ್ತ ಹೋದ ಕುಟುಂಬ. ಕಲಬುರಗಿಯಲ್ಲಿ ಮಾವನಿಗೆ ಲಕ್ವಾ ಹೊಡೆದಾಗ ಗಂಡ ಊರಿಗೆ ಬಂದರು. ಮಗನ ಶಾಲೆ ತಪ್ಪಬಾರದೆಂದು ಇವಳು ಅಲ್ಲೇ ಉಳಿದಳು. ಅಷ್ಟರಲ್ಲಿ ಅವಳ ವಾಸದ ಪರವಾನಗಿ ಮುಗಿಯುವ ದಿನ ಹತ್ತಿರ ಬಂತು. ಕಚೇರಿಯಲ್ಲಿ ಅಪಾಯಿಂಟ್‌ಮೆಂಟ್ ಸಿಗುತ್ತಿಲ್ಲ. ಬೇಕಾದ ಕಾಗದಪತ್ರಗಳೆಲ್ಲ ಗಂಡನ ಇಮೇಲ್‌ನಲ್ಲಿವೆ. ಒಂದು ರಾತ್ರಿ ನನಗೆ ವಾಯ್ಸ್ ಮೆಸೇಜ್ ಕಳಿಸಿದಳು:

"ಅಕ್ಕಾ, ನಿದ್ದಿನೇ ಬರವಲ್ದು. ಹೋದ ಜನ್ಮದಾಗ ಏನು ಪಾಪ ಮಾಡಿದ್ನೋ ಏನೋ, ಇದು ನನ್ನ ಕರ್ಮ ಅನಸ್ತದ."

ಅವಳ ಮಾತು ಕೇಳಿದಾಗ ನೆನಪಾದದ್ದು ಸಂಯುತ್ತ ನಿಕಾಯದ ಸಲ್ಲ ಸುತ್ತ. ಒಬ್ಬನಿಗೆ ಒಂದು ಬಾಣ ತಗಲುತ್ತದೆ. ನೋವಾಗುತ್ತದೆ. ಅದರ ಹಿಂದೆಯೇ ಎರಡನೆಯ ಬಾಣವೂ ತಗಲುತ್ತದೆ. ಮೊದಲನೆಯದು ದೇಹದ ನೋವು. ಎರಡನೆಯದು ಆ ನೋವಿಗಾಗಿ ಗೋಳಾಡಿ ಮನಸ್ಸು ಪಡುವ ನೋವು. ಧಮ್ಮ ತಿಳಿದವನಿಗೂ ಮೊದಲನೆಯ ಬಾಣ ತಪ್ಪದು, ಆದರೆ ಎರಡನೆಯದು ತಾಗುವುದಿಲ್ಲ ಎನ್ನುತ್ತಾರೆ ಭಗವಾನ್ ಬುದ್ಧರು.

ತಂಗಿಯ ಮೊದಲ ಬಾಣ ಯಾವುದು? ಮುಗಿಯುತ್ತಿರುವ ಪರವಾನಗಿ, ಗಂಡ ಜೊತೆಗಿಲ್ಲದ ಮನೆ. ಇವು ನಿಜವಾದ ನೋವುಗಳು. ಇವನ್ನು ಮಾಯೆ ಎಂದು ನಾವು ಹೇಳುವುದಿಲ್ಲ. ಎರಡನೆಯ ಬಾಣ ಯಾವುದು? ಹೋದ ಜನ್ಮದ ಪಾಪ ಎಂಬ ಮಾತು. ನಮ್ಮ ಹಿರಿಯರನ್ನು ಕೇರಿಯಲ್ಲೇ ಕೂರಿಸಿದ್ದು ಇದೇ ಮಾತು. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಇದನ್ನು ತಳ್ಳಿಹಾಕಿದ್ದಾರೆ. ಕಾನೂನಿನಿಂದ ಬಂದ ತೊಡಕಿಗೆ ಪರಿಹಾರವೂ ಕಾನೂನಿನಲ್ಲೇ ಇರುತ್ತದೆ. ಅದನ್ನು ಹುಡುಕಬೇಕು.

ನಾವು ಹುಡುಕಿದೆವು. ಜರ್ಮನಿಯ ವಾಸ ಕಾಯ್ದೆಯ 81ನೇ ಕಲಮಿನ ಪ್ರಕಾರ, ಪರವಾನಗಿ ಮುಗಿಯುವ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಿದರೆ ತೀರ್ಮಾನ ಬರುವವರೆಗೆ ಹಳೆಯ ಹಕ್ಕು ಮುಂದುವರಿಯುತ್ತದೆ. ಅದಕ್ಕೊಂದು ಪ್ರಮಾಣಪತ್ರವೂ ಉಂಟು, ಫಿಕ್ಸಿಯೋನ್ಸ್‌ಬೆಶೈನಿಗುಂಗ್ ಎಂದು ಹೆಸರು. ಅದರಲ್ಲಿ 4ನೇ ಉಪಕಲಂ ಗುರುತಾಗಿದ್ದರೆ ಊರಿಗೆ ಬಂದು ಮರಳಿ ಹೋಗಬಹುದು, 3ನೇ ಉಪಕಲಂ ಆಗಿದ್ದರೆ ಆಗದು. ಗಂಡನಿಗೂ ಒಂದು ಗಡುವಿದೆ. ಸಾಮಾನ್ಯ ಪರವಾನಗಿ ಇದ್ದವರು 6 ತಿಂಗಳೊಳಗೆ ಮರಳದಿದ್ದರೆ, ಕಚೇರಿಯಿಂದ ಹೆಚ್ಚಿನ ಅವಧಿಗೆ ಒಪ್ಪಿಗೆ ಪಡೆಯದಿದ್ದರೆ, ಅದು ರದ್ದಾಗುತ್ತದೆ. ಬ್ಲೂ ಕಾರ್ಡ್ ಇದ್ದವರಿಗೆ 12 ತಿಂಗಳು.

ಬಾಬಾಸಾಹೇಬರೂ ಇಂಥ ಗಡುವಿನ ಎದುರು ನಿಂತಿದ್ದರು. 1917ರಲ್ಲಿ ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದ ಅವಧಿ ಮುಗಿದು ಲಂಡನ್ನಿನ ಓದು ಅರ್ಧಕ್ಕೆ ನಿಂತಿತು. ನಾಲ್ಕು ವರ್ಷದೊಳಗೆ ಮರಳಿ ಬಂದು ಓದು ಮುಂದುವರಿಸಲು ಅವರು ವಿಶ್ವವಿದ್ಯಾಲಯದ ಅನುಮತಿ ಪಡೆದುಕೊಂಡರು. ಅವರ ಪುಸ್ತಕಗಳಿದ್ದ ಹಡಗು ಯುದ್ಧದಲ್ಲಿ ಮುಳುಗಿಹೋಯಿತು, ಅನುಮತಿ ಮಾತ್ರ ಉಳಿಯಿತು. 1920ರಲ್ಲಿ ಮತ್ತೆ ಲಂಡನ್ನಿಗೆ ಹೋದರು, 1923ರಲ್ಲಿ ಡಿ.ಎಸ್ಸಿ. ಪದವಿ ಪಡೆದರು. ಹತ್ತು ಪಾರಮಿಗಳಲ್ಲಿ ಖಂತಿಯೂ ಇದೆ, ವಿರಿಯವೂ ಇದೆ. ತಾಳ್ಮೆಯ ಜೊತೆ ಪ್ರಯತ್ನ ಇರಬೇಕು. ಬರೀ ಕಾಯುತ್ತಾ ಕೂತರೆ ಅದು ಖಂತಿಯಲ್ಲ.

ಬಾಬಾಸಾಹೇಬರು ಹೊರದೇಶದಲ್ಲಿದ್ದ ಆ ವರ್ಷಗಳಲ್ಲಿ ಬಡತನದಲ್ಲೇ ಮನೆ ನಡೆಸಿದವರು ಮಾತೆ ರಮಾಬಾಯಿ. ಐದು ಮಕ್ಕಳಲ್ಲಿ ಉಳಿದದ್ದು ಯಶವಂತರೊಬ್ಬರೇ. 1935ರ ಮೇ 27ರಂದು ಮಾತೆಯೂ ತೀರಿಕೊಂಡರು. 'ಥಾಟ್ಸ್ ಆನ್ ಪಾಕಿಸ್ತಾನ್' ಗ್ರಂಥವನ್ನು ಬಾಬಾಸಾಹೇಬರು ಅವರ ನೆನಪಿಗೆ ಅರ್ಪಿಸಿದ್ದಾರೆ. ರಮಾಯಿಯ ತ್ಯಾಗವನ್ನು ನಾವು ಜಯಂತಿಯಲ್ಲಿ ಹಾಡುತ್ತೇವೆ. ಆದರೆ ನಮ್ಮ ಮನೆಯ ಹೆಣ್ಣುಮಕ್ಕಳೂ ಹಾಗೆಯೇ ಒಬ್ಬಂಟಿಯಾಗಿ ಸಹಿಸಲಿ ಎನ್ನುವುದು ಗೌರವವಲ್ಲ.

ಇಲ್ಲಿ ಗಂಡಂದಿರಿಗೂ ಪಾಠವಿದೆ. ಸಿಗಾಲೋವಾದ ಸುತ್ತದಲ್ಲಿ ಗಂಡ ಹೆಂಡತಿಗೆ ಸಲ್ಲಿಸಬೇಕಾದ ಐದು ಕರ್ತವ್ಯಗಳಿವೆ. ಅವುಗಳಲ್ಲೊಂದು, ಅಧಿಕಾರವನ್ನು ಅವಳ ಕೈಗೆ ಒಪ್ಪಿಸುವುದು. ಇಂದು ಅದರ ಅರ್ಥವೇನು? ಮದುವೆ ಪ್ರಮಾಣಪತ್ರ, ಬಾಡಿಗೆ ಕರಾರು, ಸಂಬಳದ ಚೀಟಿ, ವಿಮೆ, ಬ್ಯಾಂಕ್ ಖಾತೆ ಎಲ್ಲದರ ಪ್ರತಿಯೂ ಅವಳ ಬಳಿ ಇರಬೇಕು. "ನಾನಿದ್ದೀನಲ್ಲ" ಎನ್ನುವ ಗಂಡ ಊರಿಗೆ ಬಂದಾಗ, ಅಲ್ಲಿ ಹೆಂಡತಿ ಮಗನ ಕೈಹಿಡಿದು ಕಚೇರಿಯ ಬಾಗಿಲಲ್ಲಿ ನಿಂತಿರುತ್ತಾಳೆ.

ತಂಗಿ ಗಂಡನಿಂದ ಕಾಗದಗಳನ್ನು ತರಿಸಿಕೊಂಡು, ಗಡುವಿಗೆ ಒಂಬತ್ತು ದಿನ ಮೊದಲೇ ಅರ್ಜಿ ಕಳಿಸಿದಳು. ರಸೀದಿ ಜೋಪಾನ ಮಾಡಿದಳು. ಪ್ರಮಾಣಪತ್ರ ಬಂದಿದೆ. ಹೊಸ ಕಾರ್ಡ್ ಇನ್ನೂ ಬಂದಿಲ್ಲ, ಗಂಡನೂ ಹೋಗಿಲ್ಲ. ಮೊದಲ ಬಾಣ ಇನ್ನೂ ಸ್ವಲ್ಪ ಒಳಗೇ ಇದೆ. ಮೊನ್ನೆ ಮಾತ್ರ ಹೀಗೆ ಹೇಳಿದಳು: "ಅಕ್ಕಾ, ಈಗ ನಿದ್ದಿ ಹತ್ತತದ."

ಇಂದಿನ ಅಭ್ಯಾಸ:

1. ಮಲಗುವ ಮುನ್ನ ಹತ್ತು ನಿಮಿಷ ಆನಾಪಾನ. ನಿಮ್ಮ ಕಷ್ಟದಲ್ಲಿ ಮೊದಲ ಬಾಣ ಯಾವುದು, ಎರಡನೆಯದು ಯಾವುದು? ಬೇರೆ ಮಾಡಿ ನೋಡಿ.

2. ಮನೆಯ ಕಾಗದಪತ್ರಗಳನ್ನು ಗಂಡಹೆಂಡತಿ ಇಬ್ಬರೂ ಕೂತು ನೋಡಿ. ಇಬ್ಬರ ಬಳಿಯೂ ಪ್ರತಿ ಇರಲಿ.

3. ದೂರದಲ್ಲಿ ಒಂಟಿಯಾಗಿರುವ ನಮ್ಮವರೊಬ್ಬರಿಗೆ ಇಂದು ಫೋನ್ ಮಾಡಿ. ಬುದ್ಧಿ ಹೇಳಬೇಡಿ, ಮೊದಲು ಕೇಳಿಸಿಕೊಳ್ಳಿ.

ಭವತು ಸಬ್ಬ ಮಂಗಲಂ
ಸಾಧು ಸಾಧು ಸಾಧು 🙏